ನಾಲ್ಕನೇ ನಂಬರಿನ ಹಾಸಿಗೆ

ಒಂದು ಕಡೆ ಸುಮ್ಮನೆ ಕೂರುವುದು ನನಗೆ ಮೊದಲಿನಿಂದಲೂ ಆಗದ ಮಾತು. ಊಟಕ್ಕೆ ಕೂತರೂ ಮೊಣಕಾಲು ಅಲುಗಾಡುತ್ತಿರುತ್ತದೆ. ಬಸ್ಸಿಗೆ ಕಾಯುವಾಗ ನಿಲ್ದಾಣದ ಈ ತುದಿಯಿಂದ ಆ ತುದಿಗೆ ನಾಲ್ಕು ಸಲ ನಡೆದಿರುತ್ತೇನೆ. ಇಂಥವನು ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವ ಕೆಲಸ ಹಿಡಿದದ್ದನ್ನು ಕಂಡು ಮನೆಯವರೇ ನಗುತ್ತಿದ್ದರು. ಪ್ರೋಗ್ರಾಂ ಬರೆಯುವಾಗ ಮಾತ್ರ ನನ್ನ ಕಾಲು ನಿಲ್ಲುತ್ತಿತ್ತು. ಆ ಒಂದು ಕಾರಣಕ್ಕೇ ನಾನು ಆ ಕೆಲಸವನ್ನು ಅಷ್ಟು ಹಚ್ಚಿಕೊಂಡಿದ್ದೆ.

ಎರಡು ಸಾವಿರದ ಇಸವಿ ದಾಟಿ ಎರಡೋ ಮೂರೋ ವರ್ಷವಾಗಿತ್ತು. ಬೈಲಹೊಂಗಲದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತಿದ್ದೆ. ಮಾರುಕಟ್ಟೆಯ ದಲಾಲಿ ಅಂಗಡಿಗಳಿಗೆ ಚೀಲದ ಚೀಟಿ ಮುದ್ರಿಸುವ ಸಣ್ಣಪುಟ್ಟ ಪ್ರೋಗ್ರಾಂ ಮಾಡಿಕೊಟ್ಟು ಊರಿನಲ್ಲಿ ಸ್ವಲ್ಪ ಹೆಸರೂ ಆಗಿತ್ತು. ಅದನ್ನು ಕೇಳಿಯೇ ಒಬ್ಬ ಡಾಕ್ಟರರು ನನ್ನನ್ನು ಕರೆಸಿದರು. ಅವರ ಖಾಸಗಿ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ಹೊಸದಾಗಿ ನಾಲ್ಕು ಹಾಸಿಗೆಯ ಐಸಿಯು ಮಾಡಿದ್ದರು. ಎಲ್ಲೋ ದೊಡ್ಡ ಊರಿನ ಆಸ್ಪತ್ರೆಯಲ್ಲಿ ರೋಗಿಗಳ ನಾಡಿ, ರಕ್ತದೊತ್ತಡ ಎಲ್ಲವೂ ಪರದೆಯ ಮೇಲೆ ಮೂಡುವುದನ್ನು ನೋಡಿ ಬಂದಿದ್ದರು.

"ನಾ ಕೆಳಗ ಪೇಶಂಟ್ ನೋಡ್ಕೋತ ಕುಂತಿರತೇನಿ. ಮ್ಯಾಲಿನ ನಾಲ್ಕೂ ಮಂದಿ ನನ್ನ ಟೇಬಲ್ ಮ್ಯಾಲೆ ಕಾಣಬೇಕು. ಆಕೈತೇನು?" ಎಂದರು.

"ಆಕೈತ್ರಿ" ಎಂದೆ. ಆಗುವುದಿಲ್ಲ ಎಂಬ ಮಾತು ಬಾಯಿಗೆ ಬರುವ ವಯಸ್ಸಲ್ಲ ಅದು.

ಅಲ್ಲಿಯವರೆಗೆ ಅವರಲ್ಲಿ ಇದ್ದ ಪದ್ಧತಿ ಸರಳವಾಗಿತ್ತು. ಪ್ರತಿ ಮಂಚದ ಕಾಲ್ದೆಸೆಗೆ ಒಂದು ರಟ್ಟು ತೂಗುಹಾಕಿ, ಅದಕ್ಕೆ ಕಾಗದ ಸಿಕ್ಕಿಸಿರುತ್ತಿದ್ದರು. ಸಿಸ್ಟರ್ ತಾಸಿಗೊಮ್ಮೆ ಬಂದು ಅದರಲ್ಲಿ ಬರೆಯುವುದು, ಏನಾದರೂ ಏರುಪೇರು ಕಂಡರೆ ಮೆಟ್ಟಿಲಿಳಿದು ಓಡಿಬಂದು ಡಾಕ್ಟರರಿಗೆ ಹೇಳುವುದು. ಅಷ್ಟೇ. ನಾನು ಆ ಕಾಗದಗಳನ್ನು ನೋಡಿ ಮೂಗು ಮುರಿದೆ. ಒಂದರ ಮೇಲೆ ಚಹಾದ ಕಲೆ, ಇನ್ನೊಂದರಲ್ಲಿ ಏಳು ಯಾವುದು ಒಂದು ಯಾವುದು ತಿಳಿಯದು. ಇವರ ಕೈಬರಹದ ಮೇಲೆ ಮನುಷ್ಯರ ಜೀವ ನಿಂತಿದೆಯಲ್ಲ ಎಂದು ಸಿಟ್ಟೇ ಬಂದಿತ್ತು.

ಒಂದೂವರೆ ತಿಂಗಳಲ್ಲಿ ಪ್ರೋಗ್ರಾಂ ಮುಗಿಸಿದೆ. ಐಸಿಯು ಮೂಲೆಯಲ್ಲಿ ಒಂದು ಕಂಪ್ಯೂಟರ್, ಕೆಳಗೆ ಡಾಕ್ಟರರ ಕೋಣೆಯಲ್ಲಿ ಒಂದು, ನಡುವೆ ಮೆಟ್ಟಿಲ ಗೋಡೆಗೆ ಮೊಳೆ ಹೊಡೆದು ಎಳೆದ ಒಂದು ಕೇಬಲ್ಲು. ರೋಗಿಯ ಹೆಸರನ್ನು ದಾಖಲಾಗುವಾಗ ಒಮ್ಮೆ ಕೆಳಗೆ ಬರೆದು, ಹಾಸಿಗೆಯ ನಂಬರಿಗೆ ಜೋಡಿಸಿಬಿಟ್ಟರೆ ಮುಗಿಯಿತು. ಮೇಲೆ ಸಿಸ್ಟರಿಗೆ ಕಾಣುವುದು ಒಂದು, ಎರಡು, ಮೂರು, ನಾಲ್ಕು ಎಂಬ ಅಂಕಿ ಮತ್ತು ಒಂದೊಂದರ ಎದುರು ಖಾಲಿ ಮನೆಗಳು. ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ನಂಬರು ನೋಡಬೇಕು, ಅಂಕಿ ಒತ್ತಬೇಕು. ಹೆಸರಿನ ಗೊಡವೆಯೇ ಬೇಡ. ನಮ್ಮ ಕಡೆ ಹೆಸರುಗಳ ಹಣೆಬರಹ ಗೊತ್ತಿದ್ದದ್ದೇ. ಸವದತ್ತಿ ಕಡೆಯಿಂದ ಒಂದೇ ವಾರದಲ್ಲಿ ಒಂದೇ ಹೆಸರಿನ ಮೂವರು ಹೆಂಗಸರು ಬಂದು ಮಲಗಿದ್ದನ್ನು ಸಿಸ್ಟರುಗಳೇ ನನಗೆ ಹೇಳಿದ್ದರು. ಹೆಸರು ತಪ್ಪಬಹುದು, ಗೋಡೆ ತಪ್ಪುವುದಿಲ್ಲ ಎಂದು ಡಾಕ್ಟರರ ಮುಂದೆ ಜಂಬದಿಂದ ಹೇಳಿದೆ. ಅವರಿಗೆ ಅದು ಬಹಳ ಹಿಡಿಸಿತು. ಮಂಚದ ರಟ್ಟುಗಳನ್ನು ಅಂದೇ ತೆಗೆಸಿದರು.

ಒಂದು ಮಾತು ಒಪ್ಪಿಕೊಳ್ಳಬೇಕು. ಆ ಐಸಿಯು ಒಳಗೆ ನಾನು ಹೋದದ್ದು ಲೆಕ್ಕ ಹಾಕಿದರೆ ನಾಲ್ಕು ಸಲ. ಸ್ಪಿರಿಟ್ಟಿನ ವಾಸನೆ, ಯಂತ್ರಗಳ ಪೀಂ ಪೀಂ, ಹೊದಿಕೆಯ ಕೆಳಗಿನಿಂದ ಹೊರಬಂದ ನಳಿಕೆಗಳು ನನ್ನನ್ನು ಅಲ್ಲಿ ನಿಲ್ಲಗೊಡುತ್ತಿರಲಿಲ್ಲ. ಕೇಬಲ್ಲು ಸಿಕ್ಕಿಸಿ, ಸಿಸ್ಟರುಗಳಿಗೆ ಕಲಿಸಿ, ಉಸಿರು ಬಿಗಿಹಿಡಿದು ಹೊರಗೆ ಬಂದುಬಿಡುತ್ತಿದ್ದೆ. ಯಾವ ಕೋಣೆಯಲ್ಲಿ ಕಾಲು ತಾಸು ನಿಲ್ಲಲು ಆಗುತ್ತಿರಲಿಲ್ಲವೋ ಆ ಕೋಣೆಯ ವ್ಯವಹಾರವನ್ನೆಲ್ಲ ನಾನು ಕೆಳಗೆ ಕೂತು ಕಲ್ಪಿಸಿಕೊಂಡು ಬರೆದಿದ್ದೆ.

ಡಾಕ್ಟರರು ಪ್ರತಿ ಗುರುವಾರ ಕಿತ್ತೂರಿಗೆ ಹೋಗಿ ಅಲ್ಲಿ ಸಂಜೆಯವರೆಗೆ ರೋಗಿಗಳನ್ನು ನೋಡುತ್ತಿದ್ದರು. ಪ್ರೋಗ್ರಾಂ ಬಂದ ಮೇಲೆ ಗುರುವಾರ ನನಗೊಂದು ಹೊಸ ಕೆಲಸ ಹಚ್ಚಿದರು. ನಾನು ಅವರ ಕೋಣೆಯಲ್ಲಿ ಪರದೆಯ ಮುಂದೆ ಕೂತಿರಬೇಕು, ಎರಡು ತಾಸಿಗೊಮ್ಮೆ ಕಿತ್ತೂರಿಗೆ ಫೋನ್ ಹಚ್ಚಿ ನಾಲ್ವರ ಅಂಕಿಗಳನ್ನೂ ಓದಿ ಹೇಳಬೇಕು. ಹೀಗೆ ಮೂರು ಗುರುವಾರ ಸುಸೂತ್ರವಾಗಿ ಕಳೆದವು. ನಾಲ್ಕನೆಯದು ನಾನು ಹೇಳಹೊರಟ ಗುರುವಾರ.

ಹಿಂದಿನ ಸಂಜೆ ಮನೋಳಿಯಿಂದ ಒಬ್ಬ ಹೆಣ್ಣುಮಗಳನ್ನು ಕರೆತಂದಿದ್ದರು. ಹೊಳೆದಂಡೆಯ ಹೊಲದಲ್ಲಿ ಹುಲ್ಲು ಕೊಯ್ಯುವಾಗ ಹಾವು ಕಚ್ಚಿತ್ತು. ಇಪ್ಪತ್ತಾರು ವರ್ಷದವಳು. ಜೊತೆಗೆ ಅವಳ ಗಂಡ ಮತ್ತು ಅತ್ತೆ. ವಿಷಕ್ಕೆ ಇಂಜೆಕ್ಷನ್ ಕೊಟ್ಟು ನಾಲ್ಕನೇ ಹಾಸಿಗೆಯಲ್ಲಿ ಮಲಗಿಸಿದ್ದರು. ಬೆಳಿಗ್ಗೆ ಕಿತ್ತೂರಿಗೆ ಹೊರಡುವ ಮುಂಚೆ ಡಾಕ್ಟರರು ಸಿಸ್ಟರನ್ನೂ ನನ್ನನ್ನೂ ನಿಲ್ಲಿಸಿಕೊಂಡು ಹೇಳಿದರು: "ಇಕೀದು ಮೂತ್ರ ಒಂದ್ ನೋಡ್ಕೋತ ಇರ್ರಿ. ತಾಸ ತಾಸಿಗೆ. ಅದು ನಿಂತಂದ್ರ ಕಿಡ್ನಿ ಹೋಗಾಕ ಹತ್ತ್ಯಾವ ಅಂತ ಅರ್ಥ. ತಡಾ ಮಾಡಂಗಿಲ್ಲ, ಬೆಳಗಾವಿಗೆ ಕಳಸಬೇಕು."

ಅವರ ಕಾರು ಹೋದ ನಂತರ ಮಹಡಿಯಲ್ಲಿ ನಡೆದದ್ದನ್ನು ನಾನು ನೋಡಲಿಲ್ಲ, ಆಮೇಲೆ ಸಿಸ್ಟರಿಂದ ತಿಳಿದದ್ದು. ಸೊಸೆಯನ್ನು ನೋಡಲು ಒಳಗೆ ಬಿಟ್ಟಾಗ ಅತ್ತೆಯ ಕಣ್ಣು ಕಿಟಕಿಯ ಬಿಸಿಲಿನ ಮೇಲೆ ಬಿತ್ತಂತೆ. ದಿಕ್ಕು ಲೆಕ್ಕ ಹಾಕಿದಳು. ಸೊಸೆಯ ತಲೆ ಉತ್ತರಕ್ಕಿತ್ತು. ನಮ್ಮಲ್ಲಿ ಗಟ್ಟಿಮುಟ್ಟಾದವರೇ ಉತ್ತರಕ್ಕೆ ತಲೆ ಹಾಕಿ ಮಲಗುವುದಿಲ್ಲ, ಹಾವು ಕಚ್ಚಿ ಕಣ್ಣುಮುಚ್ಚಿ ಬಿದ್ದವಳನ್ನು ಯಾರು ಮಲಗಿಸುತ್ತಾರೆ? ಮಂಚ ತಿರುಗಿಸಿರಿ ಎಂದು ಸಿಸ್ಟರಿನ ಕೈ ಹಿಡಿದಳು. ತಿರುಗಿಸಲು ಬರುವಂತಿರಲಿಲ್ಲ. ಆಮ್ಲಜನಕದ ನಳಿಕೆ, ಯಂತ್ರದ ತಂತಿ ಎಲ್ಲವೂ ತಲೆಯ ಕಡೆಯ ಗೋಡೆಯಲ್ಲೇ ಇದ್ದವು.

ಎದುರು ಗೋಡೆಗೆ, ಎರಡನೇ ನಂಬರಿನಲ್ಲಿ, ಊರಿನವರೇ ಆದ ಒಬ್ಬ ಮುಸ್ಲಿಂ ಮುದುಕರು ಮಲಗಿದ್ದರು. ಜೀವಮಾನವೆಲ್ಲ ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆ ಕಬ್ಬಿನ ಲಾರಿ ಓಡಿಸಿದವರು. ಹೃದಯ ಸೋತು ಮೈಯಲ್ಲಿ ನೀರು ತುಂಬಿತ್ತು, ಅದು ಇಳಿಯಲೆಂದು ಮೂತ್ರ ಹೋಗುವ ಇಂಜೆಕ್ಷನ್ ನಡೆದಿತ್ತು. ಅವರ ತಲೆ ದಕ್ಷಿಣಕ್ಕಿತ್ತು. ಮಾತು ಕೇಳಿಸಿಕೊಂಡ ಅವರ ಮಗನೇ ಮುಂದೆ ಬಂದ. "ನಮ್ಮ ಅಬ್ಬಾನ ಆ ಕಡೆ ಹಾಕ್ರಿ ಸಿಸ್ಟರ್, ನಮಗೇನ್ ಅಡ್ಡಿ ಇಲ್ಲ. ನಮ್ಮಾಗ ಕಾಲು ಪಶ್ಚಿಮಕ್ಕ ಆಗಬಾರದು ಅಷ್ಟ. ಅವ್ವಾರ ಮನಸ್ಸಿಗೆ ಸಮಾಧಾನ ಆಗ್ಲಿ."

ಸಿಸ್ಟರೂ ಆಯಾನೂ ಸೇರಿ ಗಾಲಿಯ ಮಂಚಗಳನ್ನು ರೋಗಿಗಳ ಸಮೇತ ಅದಲು ಬದಲು ಮಾಡಿದರು. ಐದು ನಿಮಿಷದ ಕೆಲಸ. ಇಂಥದ್ದು ಅಲ್ಲಿ ಹೊಸದೇನಲ್ಲ, ಹಿಂದೆಯೂ ಎಷ್ಟೋ ಸಲ ಮಾಡಿದ್ದರಂತೆ. ಆಗೆಲ್ಲ ಮಂಚದ ಜೊತೆಗೆ ಅದರ ರಟ್ಟೂ ಹೋಗುತ್ತಿತ್ತು. ಈಗ ರಟ್ಟಿರಲಿಲ್ಲ. ಮಂಚ ಜಾಗ ಬದಲಿಸಿತು ಎಂದು ತಿಳಿಸಲು ನನ್ನ ಪ್ರೋಗ್ರಾಮಿನಲ್ಲಿ ಒಂದು ಗುಂಡಿಯೂ ಇರಲಿಲ್ಲ. ಸಿಸ್ಟರ್ ನಾನು ಕಲಿಸಿದಂತೆಯೇ ಗೋಡೆಯ ನಂಬರು ನೋಡಿ ಅಂಕಿ ಒತ್ತುತ್ತಾ ಹೋದಳು. ಮುದುಕರ ಅಂಕಿಗಳು ಕೆಳಗೆ ಆ ಹೆಣ್ಣುಮಗಳ ಹೆಸರಿನ ಎದುರು ಬಂದು ಕೂರತೊಡಗಿದವು, ಅವಳವು ಮುದುಕರ ಹೆಸರಿನ ಎದುರು.

ಹನ್ನೆರಡಕ್ಕೆ ಕಿತ್ತೂರಿಗೆ ಫೋನ್ ಮಾಡಿದೆ.

"ಹಾವು ಕಡದ ಹೆಣ್ಣುಮಗಳು, ಮೂತ್ರ ತಾಸಿಗೆ ನೂರಾ ಇಪ್ಪತ್ತು ಎಂ.ಎಲ್. ಐತ್ರಿ."

"ಭಾಳ ಚಲೋ ಆತು. ಮುದುಕಂದು?"

"ಹದಿನೈದರಿ."

"ಅಷ್ಟ? ಇಂಜೆಕ್ಷನ್ ಇನ್ನೊಂದು ಕೊಡಾಕ ಹೇಳು."

ಹೇಳಿದೆ. ಕೊಟ್ಟರು. ಮುದುಕರಿಗೆ ಮೂತ್ರ ಇನ್ನಷ್ಟು ಹೋಯಿತು, ಕೆಳಗೆ ಪರದೆಯ ಮೇಲೆ ಆ ಹೆಣ್ಣುಮಗಳು ಇನ್ನಷ್ಟು ಆರಾಮಾದಳು.

ಎರಡು ಗಂಟೆಯ ಸುಮಾರಿಗೆ ಅವಳ ಅತ್ತೆ ಕೆಳಗಿಳಿದು ಬಂದು ಬಾಗಿಲಲ್ಲಿ ನಿಂತಳು. ನಾನು ಆಗ ಫೋನು ಸಿಗದೆ ಚಡಪಡಿಸುತ್ತಿದ್ದೆ. ಕಿತ್ತೂರಿನ ಲೈನು ಹತ್ತು ಸಲ ಹಚ್ಚಿದರೂ ಕೊಂಯ್ ಎನ್ನುತ್ತಿತ್ತು.

"ಸಾಹೇಬ್ರ, ನಮ್ಮ ಸೊಸಿದು ಆ ಮೂತ್ರದ ಚೀಲ ಐತಲ್ರಿ, ಖಾಲಿನ ಐತಿ. ಮುಂಜಾನಿಂದ ಏನೂ ಬಂದಿಲ್ಲ."

"ಸಿಸ್ಟರ್‌ಗೆ ಹೇಳ್ರಿ."

"ಹೇಳೇನ್ರಿ. ಕೆಳಗ ಕಂಪ್ಯೂಟರಿನಾಗ ಡಾಕ್ಟರಿಗೆ ಎಲ್ಲಾ ಕಾಣತೈತಿ ಅಂದ್ರು. ಡಾಕ್ಟರ್ ಇಲ್ಲಲ್ರಿ, ಅದಕ್ಕ ನಿಮ್ಮ ಕಡೆ ಬಂದೆ."

ಪರದೆಯನ್ನು ಅವಳ ಕಡೆ ತಿರುಗಿಸಿದೆ. ಅಕ್ಷರ ಬಾರದ ಹೆಂಗಸಿನ ಕಡೆ. "ಇಲ್ಲಿ ನೋಡ್ರಿ. ನೂರಾ ಅರವತ್ತು ಅಂತ ಬರದೈತಿ. ನಿಮ್ಮ ಸೊಸಿ ಆರಾಮ ಅದಾಳ. ನೀವು ಮ್ಯಾಲಿಂದ ಕೆಳಗ, ಕೆಳಗಿಂದ ಮ್ಯಾಲೆ ಓಡ್ಯಾಡಿ ನನ್ನ ತಲಿ ತಿನಬ್ಯಾಡ್ರಿ."

ಅವಳು ಪರದೆಯನ್ನು ನೋಡಿದಳು, ನನ್ನನ್ನು ನೋಡಿದಳು. "ನನಗೇನ್ ತಿಳಿತೈತ್ರಿ, ಓದಿದವ್ರು ನೀವು" ಎಂದು ಮೆಟ್ಟಿಲು ಹತ್ತಿ ಹೋದಳು.

ಅವಳು ಹೋದ ಮೇಲೆ ನನಗೆ ಕೂರಲಾಗಲಿಲ್ಲ. ಹೊರಗೆ ಹೋಗಿ ಚಹಾ ಕುಡಿದೆ, ಅರ್ಧಕ್ಕೇ ಬಿಟ್ಟೆ. ಮರಳಿ ಬಂದು ಕೇಬಲ್ಲನ್ನು ಎಳೆದು ನೋಡಿದೆ. ಪ್ರೋಗ್ರಾಂ ಮುಚ್ಚಿ ತೆರೆದೆ. ಅಂಕಿಗಳು ಅವೇ. ಎದ್ದು ಮೇಲೆ ಹೋಗಿ ಒಂದು ಚೀಲ ನೋಡಿ ಬರಲು ಹದಿನೆಂಟು ಮೆಟ್ಟಿಲು ಹತ್ತಬೇಕಿತ್ತು, ಅಷ್ಟೇ. ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದೆ. ಆ ವಾಸನೆ ಬೇಡವೆನಿಸಿತ್ತು, ಒಂದು. ಒಬ್ಬ ಹಳ್ಳಿಯ ಹೆಂಗಸಿನ ಮಾತಿಗೆ ನನ್ನ ಪ್ರೋಗ್ರಾಮನ್ನು ಪರೀಕ್ಷೆಗೆ ಒಡ್ಡುವುದೇ ಎಂಬ ಬಿಗುಮಾನ, ಇನ್ನೊಂದು. ಎರಡನೆಯದೇ ದೊಡ್ಡದು.

ನಾಲ್ಕು ಗಂಟೆಗೆ ಮುದುಕರ ಮಗ ನಗುತ್ತಾ ಒಳಗೆ ಬಂದ. "ಸರ್, ಡಾಕ್ಟರ್ ಸಾಹೇಬ್ರಿಗೆ ಫೋನ್ ಮಾಡ್ದಾಗ ಹೇಳ್ರಿ, ಆ ಇಂಜೆಕ್ಷನ್ ಸಾಕಂತ. ಅಬ್ಬಾನ ಚೀಲ ಮೂರು ಸಲ ತುಂಬಿ ಚೆಲ್ಲ್ಯಾರ. ನೀರು ಪೂರಾ ಖಾಲಿ ಮಾಡತೀರೇನ್ ಅಂವಂದು?"

ಪರದೆಯ ಮೇಲೆ ಅವನ ತಂದೆಯ ಹೆಸರಿನ ಎದುರು ಸೊನ್ನೆ ಇತ್ತು.

ಚಪ್ಪಲಿ ಕಾಲಲ್ಲೇ ಐಸಿಯು ಒಳಗೆ ನುಗ್ಗಿದೆ. ನಾಲ್ಕನೇ ನಂಬರಿನ ಕೆಳಗೆ ಬಿಳಿಗಡ್ಡದ ಮುದುಕರು ಮಲಗಿದ್ದರು. ಎದುರು ಗೋಡೆಯ ಮಂಚದಲ್ಲಿ ಅವಳು. ಮುಖ ಬಾತುಕೊಂಡಿತ್ತು. ಮಂಚದ ಕೆಳಗಿನ ಚೀಲದ ತಳದಲ್ಲಿ ಒಂದು ಚಮಚದಷ್ಟು ಕಂದು ನೀರು. ಕೆಳಗೆ ಓಡಿ, ಲೈನು ಸಿಗುವವರೆಗೂ ಕಿತ್ತೂರಿಗೆ ಫೋನ್ ಹಚ್ಚಿದೆ.

ಡಾಕ್ಟರರು ಒಂದು ತಾಸಿನೊಳಗೆ ಕಿತ್ತೂರಿನಿಂದ ಬಂದು ಮುದುಕರ ಇಂಜೆಕ್ಷನ್ ನಿಲ್ಲಿಸಿದರು, ಅವರಿಗೇನೂ ಅಪಾಯವಾಗಲಿಲ್ಲ. ಅವಳನ್ನು ಬೆಳಗಾವಿಗೆ ಒಯ್ಯಲು ಗಾಡಿ ಸಿದ್ಧವಾಗುತ್ತಿದ್ದಾಗ ಮೆಟ್ಟಿಲ ಬುಡದಲ್ಲಿ ಎಲ್ಲರ ಮುಂದೆ ಅವರ ಸಿಟ್ಟು ಹೊರಬಿತ್ತು. ಮಂಚ ಬದಲಿಸಿದ್ದು ಯಾರು ಎಂದರು. ಸಿಸ್ಟರ್ ಅಳುತ್ತಾ ಅತ್ತೆಯ ಕಡೆ ಕೈ ತೋರಿಸಿದಳು. ಡಾಕ್ಟರರು ಅವಳತ್ತ ತಿರುಗಿದರು. "ನಿಮ್ಮ ದಿಕ್ಕು ನೋಡೋ ಸಲುವಾಗಿ ಏನ್ ಆತು ನೋಡ್ರಿ. ಮುಂಜಾನೆನ ಗೊತ್ತಾಗಿದ್ರ ಇಷ್ಟೊತ್ತಿಗೆ ಬೆಳಗಾವ್ಯಾಗ ಇರತಿದ್ಲು. ಇನ್ನ ಮ್ಯಾಲೆ ನಾ ಏನೂ ಹೇಳಂಗಿಲ್ಲ."

ಮುದುಕಿ ಸೆರಗಿನ ತುದಿಯನ್ನು ಬಾಯಿಗೆ ಹಿಡಿದು ನಿಂತಳು. ಅವಳ ಮಗ ಅವಳನ್ನೇ ನೋಡುತ್ತಿದ್ದ. ಎರಡು ಗಂಟೆಗೆ ಅವಳು ನನ್ನ ಬಾಗಿಲಿಗೆ ಬಂದಿದ್ದಳು ಎಂಬುದು ಅಲ್ಲಿದ್ದವರಲ್ಲಿ ನನ್ನನ್ನೂ ಅವಳನ್ನೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ನಾನು ಬಾಯಿ ಬಿಡಲಿಲ್ಲ. ಮಗ ಹೆಂಡತಿಯ ಜೊತೆ ಗಾಡಿ ಹತ್ತಿದ, ತಾಯಿಯನ್ನು ಹತ್ತಿಸಿಕೊಳ್ಳಲಿಲ್ಲ. ಅವಳು ಬಸ್ ಸ್ಟ್ಯಾಂಡಿನ ಕಡೆ ಒಬ್ಬಳೇ ನಡೆದು ಹೋದಳು.

ಮರುದಿನ ಪ್ರೋಗ್ರಾಂ ತಿದ್ದಿದೆ. ಹಾಸಿಗೆಗಲ್ಲ, ಮನುಷ್ಯನಿಗೇ ಒಂದು ನಂಬರು. ಮೇಲಿನ ಪರದೆಯಲ್ಲೂ ಹೆಸರು, ವಯಸ್ಸು, ಊರು. ಮಂಚ ಬದಲಾದರೆ ಒತ್ತಲು ಒಂದು ಗುಂಡಿ. ಎರಡು ತಾಸು ಹಿಡಿಯಿತು. ಎರಡೇ ತಾಸು. ಆ ಎರಡು ತಾಸಿನ ಕೆಲಸ ಮೊದಲೇ ಯಾಕೆ ಮಾಡಲಿಲ್ಲ ಎಂದು ಕುರ್ಚಿಯಲ್ಲಿ ಕೂತು ನನ್ನನ್ನೇ ಬೈದುಕೊಂಡೆ. ಮಂಚದ ರಟ್ಟುಗಳೂ ಮರಳಿ ಬಂದವು. ಬೆಳಗಾವಿಯಿಂದ ಸುದ್ದಿ ಬರುತ್ತಿತ್ತು: ಯಂತ್ರಕ್ಕೆ ಹಾಕಿ ರಕ್ತ ಶುದ್ಧ ಮಾಡುತ್ತಿದ್ದಾರೆ, ಇನ್ನೂ ಹಾಗೇ ಇದ್ದಾಳೆ, ಸ್ವಲ್ಪ ಮೂತ್ರ ಬಂತು. ಮೂರು ವಾರದ ಮೇಲೆ ಮನೆಗೆ ಕಳಿಸಿದರು ಎಂದು ತಿಳಿದಾಗ ಉಸಿರಾಡಿದೆ. ಅದರೊಂದಿಗೆ ಮುಗಿಯಿತು ಎಂದುಕೊಂಡೆ.

ಮುಗಿಯಲಿಲ್ಲ. ತಿದ್ದಿದ ಪ್ರೋಗ್ರಾಂ ಕೇಳಿಕೊಂಡು ಬೇರೆ ಊರುಗಳಿಂದಲೂ ಡಾಕ್ಟರರು ಕರೆಯತೊಡಗಿದರು. ಐದಾರು ತಿಂಗಳ ಮೇಲೆ ರಾಮದುರ್ಗದಲ್ಲಿ ಒಬ್ಬ ಹಿರಿಯ ಡಾಕ್ಟರರ ಮುಂದೆ ಅದನ್ನು ತೋರಿಸುತ್ತಿದ್ದೆ. ಮಂಚ ಬದಲಿಸುವ ಗುಂಡಿ ನೋಡಿ ಅವರು ತಲೆದೂಗಿದರು. "ದೊಡ್ಡ ದೊಡ್ಡ ಕಂಪನಿಯವರಿಗೆ ಹೊಳದಿಲ್ಲ ಇದು. ನಿಮಗ ಹ್ಯಾಂಗ ಹೊಳೀತ್ರಿ?"

"ನಮ್ಮ ಮಂದಿ ನನಗ ಗೊತ್ತಲ್ರಿ" ಎಂದೆ.

ಆ ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಅಸಹ್ಯವಾಯಿತು. ಸವದತ್ತಿಯವರೆಗೆ ಬಸ್ಸಿನಲ್ಲಿ ನಿಂತೇ ಬಂದೆ, ಸೀಟು ಖಾಲಿ ಇದ್ದರೂ. ಅಲ್ಲಿ ಇಳಿದು ಬೈಲಹೊಂಗಲದ ಬಸ್ಸು ಹತ್ತುವ ಬದಲು ಮನೋಳಿಯ ಬಸ್ಸು ಹತ್ತಿದೆ.

ಹಾವು ಕಚ್ಚಿ ಉಳಿದವಳ ಮನೆ ಯಾವುದೆಂದರೆ ಊರಲ್ಲಿ ಯಾರಾದರೂ ತೋರಿಸುತ್ತಿದ್ದರು. ಮುದುಕಿ ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನನ್ನ ಗುರುತು ಹಿಡಿದಳು, ಬರ್ರಿ ಎಂದು ಕಂಬಳಿ ಹಾಸಿದಳು. ಸೊಸೆ ಒಳಗಿನಿಂದ ನೀರು, ಬೆಲ್ಲ ತಂದಿಟ್ಟಳು. ಸೊರಗಿದ್ದಳು, ಆದರೆ ನಡೆದಾಡುತ್ತಿದ್ದಳು. ನಾನು ಇಬ್ಬರ ಮುಂದೆಯೂ ಎಲ್ಲವನ್ನೂ ಹೇಳಿದೆ. ಮಂಚ ಬದಲಿಸಿದ್ದು ತಪ್ಪಲ್ಲ, ಬದಲಾದೀತು ಎಂದು ನಾನು ಯೋಚಿಸದೆ ಇದ್ದದ್ದು ತಪ್ಪು, ನೀವು ಬಂದು ಹೇಳಿದಾಗ ಎದ್ದು ಹೋಗಿ ನೋಡದೆ ಇದ್ದದ್ದು ಅದಕ್ಕಿಂತ ದೊಡ್ಡದು ಎಂದೆ.

ಮುದುಕಿಯ ಕೈ ಜೋಳದ ಮೇಲೆ ನಿಲ್ಲಲಿಲ್ಲ. "ಇದನ್ನ ಅವತ್ತ ಹೇಳಬೇಕಾಗಿತ್ತ್ರಿ, ನಾಲ್ಕ್ ಮಂದಿ ಮುಂದ. ಈಗ ನನ್ನ ಮುಂದ ಹೇಳಿದ್ರ ಏನಾತು? ನನಗ ಮೊದ್ಲ ಗೊತ್ತಿತ್ತಲ್ಲ."

ಸೊಸೆ ತಲೆ ತಗ್ಗಿಸಿ ಹೇಳಿದಳು: "ನಮ್ಮ ಮನಿಯವ್ರು ಅವತ್ತಿನಿಂದ ಅತ್ತಿ ಕೂಡ ಮಾತ ಬಿಟ್ಟಾರ್ರಿ. ನೀಡಿದ್ರ ಉಣ್ಣತಾರ, ಮಾತಾಡಂಗಿಲ್ಲ. ನಾ ಎಷ್ಟ್ ಹೇಳಿದ್ರೂ ಕೇಳವಲ್ರು."

"ಕೂಡ್ರಿ" ಎಂದಳು ಮುದುಕಿ. "ಐದಕ್ಕ ಹೊಲದಿಂದ ಬರತಾನ. ಅವನ ಮುಂದ ಹೇಳಿ ಹೋಗ್ರಿ."

ಒಂದೂವರೆ ತಾಸು ಇತ್ತು. ಎದ್ದು ಓಡಿಹೋಗಬೇಕೆಂದು ಎಷ್ಟು ಸಲ ಅನ್ನಿಸಿತೋ ಲೆಕ್ಕವಿಲ್ಲ. ಹೊಡೆದರೆ ಹೊಡೆಯಲಿ ಎಂದು ಕೂತೆ. ಅವನು ಬಂದ, ನನ್ನನ್ನು ನೋಡಿ ಗುರುತು ಹಿಡಿದ, ಮಾತಾಡಿಸದೆ ಎತ್ತು ಕಟ್ಟಿದ. ನಾನು ಎದ್ದು ನಿಂತು ಮೊದಲಿನಿಂದ ಹೇಳಿದೆ. ಅವನು ಎತ್ತಿನ ದಾವಣಿ ಹಗ್ಗದ ಗಂಟು ಹಿಡಿದುಕೊಂಡೇ ಕೇಳಿದ.

"ಅವ್ವ ಬಂದು ಹೇಳಿದ್ಲ ನಿಮಗ? ಚೀಲ ಖಾಲಿ ಐತಿ ಅಂತ?"

"ಹೇಳಿದ್ರು. ಎರಡ ಗಂಟೆಕ್ಕ. ನಾ ಬೈದು ಕಳಿಸಿದೆ."

ಅವನು ಕಟ್ಟೆಯ ಹತ್ತಿರ ಬಂದು ತಾಯಿಯ ಎದುರು ನಿಂತ.

"ನನಗ ಹೇಳಲಿಲ್ಲಲ್ಲ ಯವ್ವಾ ನೀ?"

"ನೀ ಕೇಳಲಿಲ್ಲಲ್ಲೋ ನನ್ನಪ್ಪಾ" ಎಂದಳು ಮುದುಕಿ. ಆಗ ಅವಳ ಕೈಯ ಮೊರ ನಿಂತಿತು.

ಅವನು ಅವಳ ಪಕ್ಕದಲ್ಲಿ ಕುಸಿದು ಕೂತ. ನನ್ನ ಕಡೆ ಇಬ್ಬರೂ ನೋಡಲಿಲ್ಲ. ನಾನು ಅಲ್ಲಿ ಇನ್ನೂ ಏನನ್ನೋ ಕಾಯುತ್ತಾ ನಿಂತಿದ್ದೆ, ಒಂದು ಬೈಗುಳವೋ, ಒಂದು ಒಳ್ಳೆಯ ಮಾತೋ. ಸೊಸೆಯೇ ಬಾಗಿಲಿನಿಂದ ಮೆಲ್ಲಗೆ ಹೇಳಿದಳು, "ನಿಮ್ಮ ಬಸ್ಸಿಗೆ ಹೊತ್ತಾತ್ರಿ."